ಕ್ಯಾಮ್‌ಶಾಫ್ಟ್ ಚೀಟಿಯ ಅಂಕಿಗಳನ್ನು ಓದುವ ಬಗೆ

ಕಳೆದ ಬೇಸಿಗೆಯಲ್ಲಿ ಕಾರಟಗಿಯ ಯುವಕರೊಬ್ಬರು ತಮ್ಮ ಹಳೆಯ 350 ಸಿಸಿ ಪುಶ್‌ರಾಡ್ ಬುಲೆಟ್ಟನ್ನು ಗಂಗಾವತಿಯ ನಮ್ಮ ಗ್ಯಾರೇಜಿಗೆ ತಂದು ನಿಲ್ಲಿಸಿದರು. ಗಾಡಿ ಇನ್ನಷ್ಟು ಜೋರಾಗಿ ಓಡಲೆಂದು ಬೇರೊಂದು ಊರಿನಲ್ಲಿ ಹೊಸ ಕ್ಯಾಮ್ (ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಉಬ್ಬಿನ ಭಾಗ) ಹಾಕಿಸಿಕೊಂಡು ಬಂದಿದ್ದರು. “ಅಣ್ಣಾ, ಚೀಟ್ಯಾಗ 280 ಡಿಗ್ರಿ ಅಂತ ಐತ್ರಿ, ಮೊದಲಿಂದಕ್ಕಿಂತ ಜಾಸ್ತೀನೇ ಐತಿ, ಆದ್ರೂ ಗಾಡಿ ಎಳೀವಲ್ದು” ಎಂದು ಹೇಳಿ, ಕ್ಯಾಮಿನ ಪೆಟ್ಟಿಗೆಯೊಳಗೆ ಮಡಚಿಟ್ಟಿದ್ದ, ಅದರ ಅಳತೆಗಳಿರುವ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಐಡ್ಲಿಂಗ್ ಸ್ಥಿರವಾಗಿರುತ್ತಿರಲಿಲ್ಲ. ಮೂರನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿದ್ದಾಗ ಆಕ್ಸಲರೇಟರ್ ತಿರುಗಿಸಿದರೆ ಎಂಜಿನ್ ಒಮ್ಮೆ ಉಸಿರು ಕಟ್ಟಿದಂತಾಗಿ, ಬಹಳ ಹೊತ್ತಿನ ಮೇಲೆ ಎಚ್ಚರಗೊಳ್ಳುತ್ತಿತ್ತು. ಕ್ಯಾಮ್ ಕೆಟ್ಟದ್ದಾಗಿರಲಿಲ್ಲ, ಅದರ ತಯಾರಿಕೆಯೂ ಚೊಕ್ಕವಾಗಿತ್ತು. ಆ ಚೀಟಿಯ ಮೇಲಿನ ಅಂಕಿಗಳು ಏನನ್ನು ಹೇಳುತ್ತವೆ ಎಂಬುದನ್ನು ಕೊಟ್ಟವರು ವಿವರಿಸಿರಲಿಲ್ಲ, ತೆಗೆದುಕೊಂಡವರು ಕೇಳಿರಲಿಲ್ಲ. ಅಂಥ ಚೀಟಿಯೊಂದನ್ನು ಕೈಯಲ್ಲಿ ಹಿಡಿದವರು ಅದನ್ನು ಯಾವ ಕ್ರಮದಲ್ಲಿ ಓದಬೇಕು, ಓದಿದ್ದನ್ನು ಎಂಜಿನ್ನಿನ ಮೇಲೆ ಹೇಗೆ ಅಳೆದು ನೋಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅರ್ಧ ವೇಗದ ಲೆಕ್ಕ

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೀರುವುದು, ಒತ್ತುವುದು, ಉರಿಯುವುದು, ಹೊರಹಾಕುವುದು ಎಂಬ ನಾಲ್ಕು ಕೆಲಸಗಳು ಮುಗಿಯಲು ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡ) ಎರಡು ಸುತ್ತು, ಅಂದರೆ 720 ಡಿಗ್ರಿ, ತಿರುಗಬೇಕು. ಅಷ್ಟರಲ್ಲಿ ಪ್ರತಿ ವಾಲ್ವ್ ಒಮ್ಮೆ ಮಾತ್ರ ತೆರೆದು ಮುಚ್ಚಬೇಕಾದ್ದರಿಂದ ಕ್ಯಾಮ್‌ಶಾಫ್ಟ್ ಒಂದೇ ಸುತ್ತು ತಿರುಗುತ್ತದೆ. ಚೀಟಿಯಲ್ಲಿ ಬರೆದ ಹೆಚ್ಚಿನ ಡಿಗ್ರಿಗಳು ಕ್ರ್ಯಾಂಕಿನ ಡಿಗ್ರಿಗಳೇ ಹೊರತು ಕ್ಯಾಮಿನ ಡಿಗ್ರಿಗಳಲ್ಲ ಎಂಬುದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಮುಂದೆ ಹೋಗಬೇಕು. ಇದೇ ಕಾರಣಕ್ಕೆ ಟೈಮಿಂಗ್ ಗೇರಿನಲ್ಲಿ ಒಂದು ಹಲ್ಲು ತಪ್ಪಿದರೆ ಆಗುವ ವ್ಯತ್ಯಾಸ ಎಣಿಸಿದ್ದಕ್ಕಿಂತ ದೊಡ್ಡದಾಗಿರುತ್ತದೆ: ಕ್ಯಾಮ್ ಗೇರಿಗೆ 40 ಹಲ್ಲುಗಳಿದ್ದರೆ ಒಂದು ಹಲ್ಲಿಗೆ ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ. ನಮ್ಮ ಭಾಗದ ಹುಡುಗರು ಇಂದಿಗೂ ಪ್ರೀತಿಯಿಂದ ಕಾಪಾಡಿಕೊಂಡಿರುವ ಯಮಹಾ ಆರ್‌ಎಕ್ಸ್ 100ಕ್ಕೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಅದು ಎರಡು ಸ್ಟ್ರೋಕಿನ ಗಾಡಿಯಾದ್ದರಿಂದ ಅದರಲ್ಲಿ ಕ್ಯಾಮ್‌ಶಾಫ್ಟೇ ಇಲ್ಲ, ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ.

ಕ್ಯಾಮನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರ ಒಂದು ಭಾಗ ಸರಿಯಾದ ವೃತ್ತದಂತೆ ಇರುತ್ತದೆ. ಟ್ಯಾಪೆಟ್ (ಕ್ಯಾಮಿಗೆ ತಾಗಿ ನಿಂತು ಅದರೊಡನೆ ಏರಿಳಿಯುವ ತುಂಡು) ಆ ಭಾಗದ ಮೇಲಿರುವಷ್ಟು ಹೊತ್ತು ವಾಲ್ವ್ ಮುಚ್ಚಿರುತ್ತದೆ. ಇನ್ನೊಂದು ಭಾಗ ಮೊಟ್ಟೆಯ ಚೂಪು ತುದಿಯಂತೆ ಉಬ್ಬಿರುತ್ತದೆ. ಚೀಟಿಯ ಮೇಲಿನ ಎಲ್ಲ ಅಂಕಿಗಳೂ ಈ ಉಬ್ಬು ಎಷ್ಟು ಎತ್ತರ, ಎಷ್ಟು ಅಗಲ, ಮತ್ತು ಪಿಸ್ಟನ್ನಿನ ಚಲನೆಗೆ ಹೋಲಿಸಿದರೆ ಯಾವ ಜಾಗದಲ್ಲಿದೆ ಎಂಬ ಮೂರು ಸಂಗತಿಗಳನ್ನೇ ಬೇರೆ ಬೇರೆ ಬಗೆಯಲ್ಲಿ ಹೇಳುತ್ತವೆ.

ಎತ್ತರ, ಅಂದರೆ ಲಿಫ್ಟ್

ಲಿಫ್ಟ್ ಎಂದರೆ ವಾಲ್ವ್ ತನ್ನ ಸೀಟಿನಿಂದ ಎಷ್ಟು ಮಿಲಿಮೀಟರ್ ಕೆಳಗಿಳಿಯುತ್ತದೆ ಎಂಬುದು. ಕೆಲವು ಚೀಟಿಗಳಲ್ಲಿ ಉಬ್ಬಿನ ಎತ್ತರವನ್ನೂ ಕೆಲವು ಚೀಟಿಗಳಲ್ಲಿ ವಾಲ್ವಿನ ಲಿಫ್ಟನ್ನೂ ಬರೆದಿರುತ್ತಾರೆ. ಇವೆರಡರ ನಡುವೆ ರಾಕರ್ (ಒಂದು ತುದಿ ಎದ್ದರೆ ಇನ್ನೊಂದು ತುದಿ ವಾಲ್ವನ್ನು ಒತ್ತುವ ಸನ್ನೆ) ಇರುವುದರಿಂದ ಒಂದನ್ನು ಇನ್ನೊಂದೆಂದು ತಿಳಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಉಬ್ಬಿನ ಎತ್ತರ 6 ಮಿ.ಮೀ. ಇದ್ದು ರಾಕರಿನ ಅನುಪಾತ 1.5 ಇದ್ದರೆ ವಾಲ್ವಿನ ಬಳಿ 9 ಮಿ.ಮೀ. ಆಗುತ್ತದೆ. ಅದರಲ್ಲಿ ಟ್ಯಾಪೆಟ್ ಕ್ಲಿಯರೆನ್ಸ್, ಅಂದರೆ ಸಡಿಲಕ್ಕೆಂದು ಬಿಟ್ಟ ಸಂದಿ, 0.2 ಮಿ.ಮೀ. ಕಳೆದರೆ ನಿಜವಾಗಿ ಸಿಗುವುದು 8.8 ಮಿ.ಮೀ.

ಲಿಫ್ಟ್ ಹೆಚ್ಚಾದಂತೆ ಗಾಳಿಗೆ ದಾರಿ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ. ವಾಲ್ವ್ ತೆರೆದಾಗ ಅದರ ಸುತ್ತ ಉಂಟಾಗುವ ಸಂದಿಯ ವಿಸ್ತೀರ್ಣ, ವಾಲ್ವಿನ ವ್ಯಾಸದ ಕಾಲು ಭಾಗದಷ್ಟು ಲಿಫ್ಟ್ ಆದಾಗ, ವಾಲ್ವಿನ ಪೂರ್ಣ ವೃತ್ತದ ವಿಸ್ತೀರ್ಣಕ್ಕೆ ಸಮವಾಗುತ್ತದೆ. 36 ಮಿ.ಮೀ. ವಾಲ್ವಿಗೆ ಇದು 9 ಮಿ.ಮೀ. ಅದನ್ನು ದಾಟಿದ ಮೇಲೆ ಗಾಳಿಯನ್ನು ತಡೆಯುವುದು ಹೆಚ್ಚಾಗಿ ಹೆಡ್ಡಿನಲ್ಲಿ ಗಾಳಿ ಬರುವ ದಾರಿಯಾದ ಪೋರ್ಟೇ. ಹಾಗಿದ್ದರೂ ತಯಾರಕರು ಇನ್ನೂ ಹೆಚ್ಚು ಲಿಫ್ಟ್ ಕೊಡುವುದುಂಟು. ತುದಿಯ ಲಿಫ್ಟ್ ಹೆಚ್ಚಿದ್ದರೆ ಮಧ್ಯದ ಒಳ್ಳೆಯ ಲಿಫ್ಟಿನಲ್ಲಿ ವಾಲ್ವ್ ಹೆಚ್ಚು ಹೊತ್ತು ಇರುತ್ತದೆ ಎಂಬುದು ಅದಕ್ಕೆ ಕಾರಣ. ಬೆಲೆ ತೆರುವುದು ವಾಲ್ವಿನ ಸ್ಪ್ರಿಂಗ್ ಮತ್ತು ಅದರ ಕಡ್ಡಿ ಜಾರುವ ಗೈಡ್, ಆ ಮಾತಿಗೆ ಮುಂದೆ ಬರುತ್ತೇನೆ.

ಅಗಲ, ಅಂದರೆ ಡ್ಯುರೇಷನ್

ವಾಲ್ವ್ ತೆರೆದಾಗಿನಿಂದ ಮುಚ್ಚುವವರೆಗೆ ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುತ್ತದೆಯೋ ಅದು ಡ್ಯುರೇಷನ್. ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ. “ತೆರೆದಾಗಿನಿಂದ” ಎಂದರೆ ಎಷ್ಟು ತೆರೆದಾಗಿನಿಂದ? ವಾಲ್ವ್ ಸೀಟನ್ನು ಬಿಟ್ಟ ಕ್ಷಣದಿಂದ ಎಣಿಸಿದರೆ ಒಂದು ಅಂಕಿ ಬರುತ್ತದೆ, 1 ಮಿ.ಮೀ. ತೆರೆದ ಮೇಲೆ ಎಣಿಸಿದರೆ ಅದಕ್ಕಿಂತ ಬಹಳ ಚಿಕ್ಕ ಅಂಕಿ ಬರುತ್ತದೆ. ಅಮೆರಿಕದ ತಯಾರಕರು ಟ್ಯಾಪೆಟ್ ಇಂಚಿನ ಸಾವಿರ ಭಾಗಗಳಲ್ಲಿ 50, ಅಂದರೆ 1.27 ಮಿ.ಮೀ. ಎದ್ದಾಗಿನ ಡ್ಯುರೇಷನ್ನನ್ನು ಪ್ರತ್ಯೇಕವಾಗಿ ಕೊಡುವ ರೂಢಿ ಇದೆ. ಒಂದೇ ಕ್ಯಾಮಿನಲ್ಲಿ ಈ ಅಳತೆ ಸೀಟಿನ ಅಳತೆಗಿಂತ ಸಾಮಾನ್ಯವಾಗಿ 40ರಿಂದ 60 ಡಿಗ್ರಿಯಷ್ಟು ಕಡಿಮೆ ಬರುತ್ತದೆ. ಹಾಗಾಗಿ ಸೀಟಿನ ಲೆಕ್ಕದ 280 ಡಿಗ್ರಿಯ ಕ್ಯಾಮನ್ನು 1 ಮಿ.ಮೀ. ಲೆಕ್ಕದ 240 ಡಿಗ್ರಿಯ ಕ್ಯಾಮಿನೊಡನೆ ಹೋಲಿಸಿ ಮೊದಲನೆಯದು ದೊಡ್ಡದೆಂದರೆ, ಗಂಗಾವತಿಯ ಭತ್ತವನ್ನು ಮೂಟೆಯಲ್ಲೂ ಸಿಂಧನೂರಿನ ಭತ್ತವನ್ನು ಕಿಲೋದಲ್ಲೂ ಎಣಿಸಿ ಯಾವ ಸಂಖ್ಯೆ ದೊಡ್ಡದೆಂದು ನೋಡಿದಂತಾಗುತ್ತದೆ. ಯಾವ ಲಿಫ್ಟಿನಲ್ಲಿ ಅಳೆದದ್ದು ಎಂದು ಬರೆಯದ ಡ್ಯುರೇಷನ್ ಅಂಕಿಗೆ ನಾನು ಬೆಲೆ ಕೊಡುವುದಿಲ್ಲ. ಕಾರಟಗಿಯ ಗಾಡಿಯ ಚೀಟಿಯಲ್ಲಿ 280ರ ಪಕ್ಕ ಏನನ್ನೂ ಬರೆದಿರಲಿಲ್ಲ.

ನಾಲ್ಕು ಅಂಕಿಗಳಿಂದ ಎಲ್ಲವನ್ನೂ ಲೆಕ್ಕ ಹಾಕುವುದು

ಗಾಳಿಯನ್ನು ಒಳಬಿಡುವುದು ಇನ್‌ಲೆಟ್ ವಾಲ್ವ್, ಹೊಗೆಯನ್ನು ಹೊರಬಿಡುವುದು ಎಕ್ಸಾಸ್ಟ್ ವಾಲ್ವ್. ಒಳ್ಳೆಯ ಚೀಟಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಇನ್‌ಲೆಟ್ ವಾಲ್ವ್ ತೆರೆಯುವುದು ಟಿಡಿಸಿಗೆ ಎಷ್ಟು ಡಿಗ್ರಿ ಮೊದಲು, ಮುಚ್ಚುವುದು ಬಿಡಿಸಿಯ ನಂತರ ಎಷ್ಟು ಡಿಗ್ರಿಗೆ, ಎಕ್ಸಾಸ್ಟ್ ವಾಲ್ವ್ ತೆರೆಯುವುದು ಬಿಡಿಸಿಗೆ ಎಷ್ಟು ಮೊದಲು, ಮುಚ್ಚುವುದು ಟಿಡಿಸಿಯ ನಂತರ ಎಷ್ಟಕ್ಕೆ. ಪಿಸ್ಟನ್ ತೀರಾ ಮೇಲಿರುವ ಸ್ಥಾನವೇ ಟಿಡಿಸಿ, ತೀರಾ ಕೆಳಗಿರುವುದೇ ಬಿಡಿಸಿ. ಒಂದು ಕ್ಯಾಮಿನ ಅಂಕಿಗಳು ಕ್ರಮವಾಗಿ 12, 48, 50, 10 ಎಂದಿಟ್ಟುಕೊಳ್ಳೋಣ. ಇನ್‌ಲೆಟ್ ಡ್ಯುರೇಷನ್ 12 ಕೂಡಿಸು 180 ಕೂಡಿಸು 48, ಒಟ್ಟು 240. ಎಕ್ಸಾಸ್ಟ್ ಡ್ಯುರೇಷನ್ 50 ಕೂಡಿಸು 180 ಕೂಡಿಸು 10, ಅದೂ 240. ಟಿಡಿಸಿಯ ಆಚೆ ಈಚೆ ಎರಡೂ ವಾಲ್ವುಗಳು ಒಟ್ಟಿಗೆ ತೆರೆದಿರುವ ಅವಧಿ, ಅಂದರೆ ಓವರ್‌ಲ್ಯಾಪ್, 12 ಕೂಡಿಸು 10, ಅಂದರೆ 22 ಡಿಗ್ರಿ.

ಇನ್ನು ಉಬ್ಬಿನ ನಡುಗೆರೆ. ಡ್ಯುರೇಷನ್ನಿನ ಅರ್ಧದಿಂದ ತೆರೆಯುವ ಅಂಕಿಯನ್ನು ಕಳೆದರೆ ಇನ್‌ಲೆಟ್ಟಿನ ನಡುಗೆರೆ ಸಿಗುತ್ತದೆ: 120ರಿಂದ 12 ಕಳೆದರೆ 108, ಅಂದರೆ ಟಿಡಿಸಿಯ ನಂತರ 108 ಡಿಗ್ರಿಗೆ ಇನ್‌ಲೆಟ್ ಪೂರ್ತಿ ತೆರೆದಿರುತ್ತದೆ. ಎಕ್ಸಾಸ್ಟಿನದು 120ರಿಂದ 10 ಕಳೆದು, ಟಿಡಿಸಿಗೆ 110 ಡಿಗ್ರಿ ಮೊದಲು. ಎರಡರ ಸರಾಸರಿ 109. ಇದನ್ನೇ ಲೋಬ್ ಸೆಪರೇಷನ್ ಆಂಗಲ್ ಎನ್ನುತ್ತಾರೆ. ಎರಡು ಉಬ್ಬುಗಳ ತುದಿಗಳ ನಡುವಿನ ಈ ಕೋನವೊಂದನ್ನು ಮಾತ್ರ ಕ್ಯಾಮಿನ ಡಿಗ್ರಿಯಲ್ಲಿ ಹೇಳುವ ವಾಡಿಕೆ. ಒಂದೇ ಶಾಫ್ಟಿನ ಮೇಲೆ ಎರಡೂ ಉಬ್ಬುಗಳಿದ್ದರೆ ಈ ಕೋನ ಗ್ರೈಂಡಿಂಗ್ ಆಗುವಾಗಲೇ ನಿಶ್ಚಿತವಾಗಿರುತ್ತದೆ, ನಾವು ಮಾಡಬಹುದಾದದ್ದು ಇಡೀ ಶಾಫ್ಟನ್ನು ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಸರಿಸುವುದು ಮಾತ್ರ. ಹಳೆಯ ಪುಶ್‌ರಾಡ್ ಬುಲೆಟ್ಟಿನ ವಿಚಾರ ಬೇರೆ. ಅದರಲ್ಲಿ ಇನ್‌ಲೆಟ್ಟಿಗೊಂದು, ಎಕ್ಸಾಸ್ಟಿಗೊಂದು ಎಂದು ಎರಡು ಪ್ರತ್ಯೇಕ ಕ್ಯಾಮ್ ಗೇರುಗಳಿರುವುದರಿಂದ, ಜೋಡಿಸುವವರ ಕೈ ತಪ್ಪಿದರೆ ಒಂದು ಸರಿಯಾಗಿದ್ದು ಇನ್ನೊಂದು ಒಂದು ಹಲ್ಲು ಆಚೆ ಕೂರುವ ಸಾಧ್ಯತೆಯೂ ಇದೆ.

ಇನ್‌ಲೆಟ್ ಮುಚ್ಚುವ ಅಂಕಿಯೇ ಯಜಮಾನ

ನಾಲ್ಕರಲ್ಲಿ ಒಂದೇ ಅಂಕಿಯನ್ನು ಓದಲು ಸಮಯವಿದ್ದರೆ ಎರಡನೆಯದನ್ನು, ಅಂದರೆ ಇನ್‌ಲೆಟ್ ಮುಚ್ಚುವುದನ್ನು, ಓದಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಿಸ್ಟನ್ ಬಿಡಿಸಿಯನ್ನು ತಲುಪಿದ ಮೇಲೂ ಇನ್‌ಲೆಟ್ ವಾಲ್ವನ್ನು ತೆರೆದಿಡುವುದು ಏಕೆಂದರೆ, ವೇಗವಾಗಿ ನುಗ್ಗಿ ಬರುತ್ತಿರುವ ಗಾಳಿಗೆ ತನ್ನದೇ ಆದ ಓಘವಿರುತ್ತದೆ. ಪಿಸ್ಟನ್ ಮೇಲೇಳಲು ಆರಂಭಿಸಿದರೂ ಆ ಓಘದಿಂದ ಗಾಳಿ ಸಿಲಿಂಡರನ್ನು ತುಂಬುತ್ತಲೇ ಇರುತ್ತದೆ. ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು) ಏರಿದಷ್ಟೂ ಓಘ ಹೆಚ್ಚು, ತಡವಾಗಿ ಮುಚ್ಚಿದಷ್ಟೂ ಲಾಭ ಹೆಚ್ಚು. ಆದರೆ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಅಷ್ಟು ಓಘ ಇರುವುದಿಲ್ಲ. ಆಗ ಮೇಲೇಳುವ ಪಿಸ್ಟನ್, ಒಳಗೆ ಬಂದ ಗಾಳಿಯನ್ನೇ ತೆರೆದ ವಾಲ್ವಿನಿಂದ ಕಾರ್ಬುರೇಟರಿನ ಕಡೆಗೆ ಹಿಂದಕ್ಕೆ ತಳ್ಳುತ್ತದೆ.

ಇದರ ಪರಿಣಾಮವನ್ನು ಅಂಕಿಯಲ್ಲಿ ನೋಡೋಣ. 90 ಮಿ.ಮೀ. ಸ್ಟ್ರೋಕ್, 162 ಮಿ.ಮೀ. ಕನೆಕ್ಟಿಂಗ್ ರಾಡ್, 8.5 ಕಂಪ್ರೆಷನ್ ಅನುಪಾತ (ಸಿಲಿಂಡರಿನ ಗಾಳಿ ಎಷ್ಟು ಪಟ್ಟು ಚಿಕ್ಕ ಜಾಗಕ್ಕೆ ಒತ್ತಲ್ಪಡುತ್ತದೆ ಎಂಬುದು) ಇರುವ ಎಂಜಿನ್ನೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗವನ್ನು ಸ್ಟ್ರೋಕಿನ ಅಳತೆಯಲ್ಲಿ ಹೇಳಿದರೆ 90 ಭಾಗಿಸು 7.5 (8.5ರಿಂದ 1 ಕಳೆದದ್ದು), ಅಂದರೆ 12 ಮಿ.ಮೀ. ಇನ್‌ಲೆಟ್ ವಾಲ್ವ್ ಬಿಡಿಸಿಯ ನಂತರ 50 ಡಿಗ್ರಿಗೆ ಸೀಟಿನ ಮೇಲೆ ಕುಳಿತರೆ ಪಿಸ್ಟನ್ ಆಗಿನಿಂದ ಟಿಡಿಸಿಯವರೆಗೆ ಏರುವ ದೂರ ಸುಮಾರು 77.6 ಮಿ.ಮೀ., ಹಾಗಾಗಿ ನಿಜವಾಗಿ ನಡೆಯುವ ಕಂಪ್ರೆಷನ್ ಸುಮಾರು 7.5. ಅದೇ ವಾಲ್ವ್ 70 ಡಿಗ್ರಿಗೆ ಕುಳಿತರೆ ಉಳಿಯುವ ದೂರ 66 ಮಿ.ಮೀ. ಮಾತ್ರ, ಕಂಪ್ರೆಷನ್ 6.5ಕ್ಕೆ ಇಳಿಯುತ್ತದೆ. ಪಿಸ್ಟನ್ ಬದಲಾಗಿಲ್ಲ, ಹೆಡ್ ಬದಲಾಗಿಲ್ಲ, ಕೇವಲ 20 ಡಿಗ್ರಿ ತಡವಾದದ್ದಕ್ಕೆ ಕೆಳಗಿನ ಆರ್‌ಪಿಎಂಗಳಲ್ಲಿ ಎಂಜಿನ್ ಇಷ್ಟು ಬಲ ಕಳೆದುಕೊಳ್ಳುತ್ತದೆ. ರೇಸಿನವರು ದೊಡ್ಡ ಕ್ಯಾಮ್ ಹಾಕಿದಾಗ ಜೊತೆಗೆ ಕಂಪ್ರೆಷನ್ನನ್ನೂ ಏರಿಸುವುದು ಈ ನಷ್ಟವನ್ನು ತುಂಬಲು. ಕ್ಯಾಮ್ ಒಂದನ್ನೇ ಬದಲಿಸಿದವರಿಗೆ ನಷ್ಟ ಮಾತ್ರ ಉಳಿಯುತ್ತದೆ. ಇದೇ ತಡ ಮುಚ್ಚುವಿಕೆಯನ್ನು ಬೇಕೆಂದೇ ಬಳಸಿ ಇಂಧನ ಉಳಿಸುವ ಎಂಜಿನ್ನುಗಳೂ ಇವೆ. 1997ರಲ್ಲಿ ಬಂದ ಟೊಯೊಟಾ ಪ್ರಿಯಸ್ ಅಂಥದ್ದು, ಕೆಳಗಿನ ಆರ್‌ಪಿಎಂನ ಕೊರತೆಯನ್ನು ಅದರಲ್ಲಿ ವಿದ್ಯುತ್ ಮೋಟರ್ ತುಂಬುತ್ತದೆ.

ಹಾಗಾದರೆ ದೊಡ್ಡ ಕ್ಯಾಮಿನಿಂದ ಅಶ್ವಶಕ್ತಿ ಹೆಚ್ಚುವುದು ಸುಳ್ಳೇ? ಸುಳ್ಳಲ್ಲ. ಶಕ್ತಿ ಎಂದರೆ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) ಮತ್ತು ಆರ್‌ಪಿಎಂಗಳ ಗುಣಲಬ್ಧ: ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. 4000 ಆರ್‌ಪಿಎಂನಲ್ಲಿ 28 ನ್ಯೂಟನ್ ಮೀಟರ್ ಟಾರ್ಕ್ ಇದ್ದರೆ 11.7 ಕಿಲೋವ್ಯಾಟ್. 6000ದಲ್ಲಿ ಟಾರ್ಕ್ 24ಕ್ಕೆ ಇಳಿದಿದ್ದರೂ 15.1 ಕಿಲೋವ್ಯಾಟ್. ದೊಡ್ಡ ಕ್ಯಾಮ್ ಟಾರ್ಕನ್ನು ಮೇಲಿನ ಆರ್‌ಪಿಎಂಗೆ ಒಯ್ದು ಕೂರಿಸುತ್ತದೆ, ಜಾಹೀರಾತಿನ ಅಂಕಿ ಅಲ್ಲಿಂದ ಬರುತ್ತದೆ. ನಿಮ್ಮ ಗಾಡಿ ದಿನದ ಎಷ್ಟು ಹೊತ್ತು 6000 ಆರ್‌ಪಿಎಂನಲ್ಲಿ ಓಡುತ್ತದೆ ಎಂಬುದನ್ನು ನೀವೇ ಹೇಳಿಕೊಳ್ಳಬೇಕು. ಆನೆಗೊಂದಿಯ ತಿರುವುಗಳಲ್ಲಿ, ಹಿಂದೆ ಮನೆಯವರನ್ನು ಕೂರಿಸಿಕೊಂಡು, ಭತ್ತದ ಟ್ರಾಲಿಗಳ ಹಿಂದೆ ಸಾಗುವ ಗಾಡಿಗೆ ಬೇಕಾದದ್ದು 2000ದಿಂದ 4000ದ ನಡುವಿನ ಎಳೆತ.

ಓವರ್‌ಲ್ಯಾಪ್ ಮತ್ತು ಕುಂಟುವ ಐಡ್ಲಿಂಗ್

ಎಕ್ಸಾಸ್ಟ್ ಇನ್ನೂ ಮುಚ್ಚಿರದೆ ಇನ್‌ಲೆಟ್ ಆಗಲೇ ತೆರೆದಿರುವ ಹೊತ್ತಿನಲ್ಲಿ, ಹೆಚ್ಚಿನ ಆರ್‌ಪಿಎಂ ಇದ್ದರೆ, ಹೊರಹೋಗುವ ಹೊಗೆ ತನ್ನ ಹಿಂದೆ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇದಕ್ಕೆ ಸೈಲೆನ್ಸರಿನ ಪೈಪೂ ಹೊಂದಿಕೆಯಾಗಬೇಕು. ಐಡ್ಲಿಂಗಿನಲ್ಲಿ ನಡೆಯುವುದು ಇದರ ವಿರುದ್ಧ. ಆಗ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಇನ್‌ಲೆಟ್ ಪೈಪಿನಲ್ಲಿ ಒತ್ತಡ ಕಡಿಮೆ ಇರುತ್ತದೆ, ಸುಟ್ಟ ಹೊಗೆಯೇ ಹಿಂದಕ್ಕೆ ನುಗ್ಗಿ ಹೊಸ ಮಿಶ್ರಣದಲ್ಲಿ ಬೆರೆಯುತ್ತದೆ. ಕೆಲವು ಸುತ್ತು ಉರಿಯುತ್ತದೆ, ಕೆಲವು ಸುತ್ತು ಉರಿಯುವುದಿಲ್ಲ. ಕುಂಟುವ ಆ ಸದ್ದನ್ನು ಕೆಲವರು ಮೆಚ್ಚುತ್ತಾರೆ, ಆದರೆ ಅದು ಪೆಟ್ರೋಲ್ ಸುಡದೆ ಹೊರಹೋಗುವ ಸದ್ದೂ ಹೌದು, ಹೊಗೆ ತಪಾಸಣೆಯಲ್ಲಿ ಹೈಡ್ರೋಕಾರ್ಬನ್ ಅಂಕಿ ಏರಿ ನಿಲ್ಲುತ್ತದೆ. ಡ್ಯುರೇಷನ್ ಅಷ್ಟೇ ಇದ್ದು ಲೋಬ್ ಸೆಪರೇಷನ್ ಕೋನ ಅಗಲವಾದರೆ ಓವರ್‌ಲ್ಯಾಪ್ ಕಡಿಮೆಯಾಗುತ್ತದೆ, ಐಡ್ಲಿಂಗ್ ಸುಧಾರಿಸುತ್ತದೆ. ಮೇಲಿನ ಉದಾಹರಣೆಯ 109ರ ಬದಲು 114 ಇದ್ದಿದ್ದರೆ ಓವರ್‌ಲ್ಯಾಪ್ 22ರಿಂದ 12ಕ್ಕೆ ಇಳಿಯುತ್ತಿತ್ತು.

ಈಗಿನ ಕಾರುಗಳಲ್ಲಿ ವಿವಿಟಿ ಎಂದು ಬರೆದಿರುವುದು ಈ ಎರಡೂ ತೊಡಕುಗಳಿಗೆ ಕಂಡುಕೊಂಡ ಉಪಾಯ. ಆಯಿಲ್ ಒತ್ತಡದಿಂದ ಕ್ಯಾಮನ್ನು ಓಡುತ್ತಿರುವಾಗಲೇ ಮುಂದಕ್ಕೂ ಹಿಂದಕ್ಕೂ ಸರಿಸುತ್ತಾರೆ. ಅಂಥ ಎಂಜಿನ್ನಿನಲ್ಲಿ ಆಯಿಲ್ ಬದಲಿಸುವುದನ್ನು ಮುಂದೂಡಿದರೆ ಕೆಡುವುದು ಬೇರಿಂಗ್ ಮಾತ್ರವಲ್ಲ, ಟೈಮಿಂಗ್ ಕೂಡ.

ಟ್ರ್ಯಾಕ್ಟರ್ ಮತ್ತು ಬೇಸಿಗೆ

ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದಕ್ಕೂ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಗಳಲ್ಲಿ ಬೈಕಿಗಿಂತ ಟ್ರ್ಯಾಕ್ಟರ್ ಮುಖ್ಯ. “ಇದಕ್ಕೂ ದೊಡ್ಡ ಕ್ಯಾಮ್ ಹಾಕಬಹುದೇನ್ರಿ” ಎಂದು ಕೇಳಿದವರಿದ್ದಾರೆ. ಹಾಕಬಾರದು. ಡೀಸೆಲ್ ಹೊತ್ತಿಕೊಳ್ಳುವುದು ಒತ್ತಿದ ಗಾಳಿಯ ಕಾವಿನಿಂದ. ಇನ್‌ಲೆಟ್ ತಡವಾಗಿ ಮುಚ್ಚಿದರೆ ಆ ಕಾವು ಇಳಿದು, ಬೆಳಗಿನ ಹೊತ್ತು ಸ್ಟಾರ್ಟ್ ಆಗುವುದೇ ಕಷ್ಟವಾಗುತ್ತದೆ. ಟಿಡಿಸಿಯಲ್ಲಿ ಪಿಸ್ಟನ್ನಿಗೂ ಹೆಡ್ಡಿಗೂ ಇರುವ ಜಾಗ ತೀರಾ ಕಡಿಮೆಯಾದ್ದರಿಂದ ಓವರ್‌ಲ್ಯಾಪ್ ಹೆಚ್ಚಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ಟರ್ಬೊ ಇದ್ದರೆ ಎಕ್ಸಾಸ್ಟಿನ ಒತ್ತಡ ಇನ್‌ಲೆಟ್ಟಿನ ಒತ್ತಡವನ್ನು ಮೀರಿದಾಗೆಲ್ಲ ಹೊಗೆ ಹಿಂದಕ್ಕೆ ಬರುತ್ತದೆ. ಮೇಲಾಗಿ ವೇಗ ಮಿತಿ ಮೀರದಂತೆ ಗವರ್ನರ್ ಎಂಬ ಸಾಧನ ಹಿಡಿದಿಟ್ಟಿರುವ ಎಂಜಿನ್ನಿಗೆ ಮೇಲಿನ ಆರ್‌ಪಿಎಂನ ಉಪಯೋಗವೇ ಇಲ್ಲ. ಕೇಜ್ ವೀಲ್ ಕಟ್ಟಿ ಕೆಸರುಗದ್ದೆಯಲ್ಲಿ ಇಳಿದ ಟ್ರ್ಯಾಕ್ಟರಿಗೆ ಬೇಕಾದದ್ದು, ಲೋಡ್ ಬಿದ್ದು ಆರ್‌ಪಿಎಂ ಇಳಿದಾಗ ಏರುವ ಟಾರ್ಕ್. ಅದನ್ನು ಕಂಪನಿಯ ಕ್ಯಾಮ್ ಕೊಡುತ್ತದೆ, ಅದು ಸವೆಯದಿದ್ದರೆ.

ಬೇಸಿಗೆಯ ಮಾತನ್ನೂ ಇಲ್ಲಿಯೇ ಹೇಳುತ್ತೇನೆ. ಗಾಳಿ ಕಾದಷ್ಟೂ ತೆಳುವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ಗಾಳಿಗೆ ಹೋಲಿಸಿದರೆ ರಾಯಚೂರು, ಕೊಪ್ಪಳ ಭಾಗದ ಏಪ್ರಿಲ್‌ನ 42 ಡಿಗ್ರಿ ಗಾಳಿಯಲ್ಲಿ, ಒತ್ತಡ ಅಷ್ಟೇ ಇದ್ದರೆ, ಸುಮಾರು ಶೇ. 5ರಷ್ಟು ಸಾಂದ್ರತೆ ಕಡಿಮೆ. ಬೇಸಿಗೆಯ ಮಧ್ಯಾಹ್ನ ಗಾಡಿ ಸ್ವಲ್ಪ ಮಂದವಾದರೆ ಅದು ಕ್ಯಾಮಿನ ತಪ್ಪಲ್ಲ. ಕ್ಯಾಮ್ ಬದಲಿಸುವ ಮೊದಲು ಮತ್ತು ಆಮೇಲೆ ಗಾಡಿಯನ್ನು ಓಡಿಸಿ ಹೋಲಿಸುವವರು ಎರಡೂ ಸಲ ಒಂದೇ ಹೊತ್ತಿನಲ್ಲಿ, ಬೆಳಿಗ್ಗೆ ಆರು ಗಂಟೆಗೆಂದರೆ ಆರು ಗಂಟೆಗೇ, ಓಡಿಸಿ ನೋಡಬೇಕು.

ಎಂಜಿನ್ನಿನ ಮೇಲೆ ಅಳೆಯುವುದು

ಇದಕ್ಕೆ ಬೇಕಾದದ್ದು 360 ಡಿಗ್ರಿ ಗುರುತಿರುವ ಒಂದು ತಟ್ಟೆ, ಮಿಲಿಮೀಟರಿನ ಸಣ್ಣ ಭಾಗಗಳನ್ನು ಮುಳ್ಳಿನಿಂದ ತೋರಿಸುವ ಒಂದು ಡಯಲ್ ಗೇಜ್, ಗಟ್ಟಿಯಾದ ತಂತಿಯ ಮುಳ್ಳು, ಮತ್ತು ಸ್ಪಾರ್ಕ್ ಪ್ಲಗ್ಗಿನ ತೂತಿಗೆ ತಿರುಗಿಸಬಹುದಾದ, ಪಿಸ್ಟನ್ನನ್ನು ಅರ್ಧದಲ್ಲಿ ತಡೆಯುವ ಒಂದು ಬೋಲ್ಟ್. ಹಳೆಯ ಪ್ಲಗ್ಗಿನ ಪಿಂಗಾಣಿ ತೆಗೆದು ಅದರಲ್ಲಿ ತುದಿ ದುಂಡಗೆ ಮಾಡಿದ ಬೋಲ್ಟ್ ಕೂರಿಸಿದರೆ ಸಾಕು. ತಟ್ಟೆಯನ್ನು ಕ್ರ್ಯಾಂಕಿಗೆ ಬಿಗಿದು, ಅಂದಾಜಿನಲ್ಲಿ ಟಿಡಿಸಿಗೆ ಸೊನ್ನೆ ಹಿಡಿದು, ತಡೆ ಬೋಲ್ಟನ್ನು ಕೂರಿಸಿ, ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ಒಂದು ಕಡೆ ತಿರುಗಿಸಿ ಪಿಸ್ಟನ್ ತಡೆಗೆ ತಾಗಿದಲ್ಲಿ ಓದಬೇಕು. ಮತ್ತೆ ಎದುರು ಕಡೆಯಿಂದ ಬಂದು ತಾಗಿದಲ್ಲಿ ಓದಬೇಕು. ಒಂದು ಕಡೆ 34, ಇನ್ನೊಂದು ಕಡೆ 38 ಬಂದರೆ ಸೊನ್ನೆ 2 ಡಿಗ್ರಿ ತಪ್ಪಿದೆ ಎಂದರ್ಥ. ಮುಳ್ಳನ್ನು ಬಗ್ಗಿಸಿ ಎರಡೂ ಕಡೆ 36 ಬರುವಂತೆ ಮಾಡಿದರೆ ನಿಜವಾದ ಟಿಡಿಸಿ ಸಿಕ್ಕಿತು. ತಡೆಯನ್ನು ತೆಗೆಯುವುದನ್ನು ಮರೆಯಬಾರದು. ಸ್ಕ್ರೂಡ್ರೈವರ್ ಇಳಿಸಿ ಪಿಸ್ಟನ್ ಮೇಲೆ ಬಂತೆಂದು ಅಂದಾಜು ಮಾಡುವ ವಾಡಿಕೆ ಎಲ್ಲ ಕಡೆ ಇದೆ. ಆದರೆ ಟಿಡಿಸಿಯ ಹತ್ತಿರ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದ್ದು ಕಾಣುವುದೇ ಇಲ್ಲ, ಹಾಗಾಗಿ ಆ ಅಂದಾಜಿನ ಮೇಲೆ ಕಟ್ಟಿದ ಎಲ್ಲ ಅಂಕಿಗಳೂ ತಪ್ಪುತ್ತವೆ.

ಆಮೇಲೆ ಡಯಲ್ ಗೇಜಿನ ಮೊನೆಯನ್ನು ಇನ್‌ಲೆಟ್ ವಾಲ್ವಿನ ರಿಟೇನರಿನ (ಸ್ಪ್ರಿಂಗನ್ನು ಹಿಡಿದಿಡುವ ಬಿಲ್ಲೆ) ಮೇಲೆ, ವಾಲ್ವ್ ಇಳಿಯುವ ದಿಕ್ಕಿಗೆ ನೇರವಾಗಿ ಇಟ್ಟು, ವಾಲ್ವ್ ಪೂರ್ತಿ ಮುಚ್ಚಿರುವಾಗ ಸೊನ್ನೆ ಮಾಡಬೇಕು. ಕ್ರ್ಯಾಂಕನ್ನು ಎಂಜಿನ್ ಓಡುವ ದಿಕ್ಕಿನಲ್ಲಿ ಮಾತ್ರ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಚೈನಿನ ಸಡಿಲ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಗುರುತು ದಾಟಿ ಹೋದರೆ ಇನ್ನೆರಡು ಸುತ್ತು ತಿರುಗಿಸಿ ಮತ್ತೆ ಬರುವ ತಾಳ್ಮೆ ಇರಬೇಕು. ಗೇಜ್ 1 ಮಿ.ಮೀ. ತೋರಿಸಿದಾಗಿನ ಡಿಗ್ರಿಯನ್ನು ಬರೆದುಕೊಂಡು, ವಾಲ್ವ್ ಮರಳಿ ಬರುವಾಗ ಮತ್ತೆ 1 ಮಿ.ಮೀ. ತೋರಿಸಿದಾಗಿನದನ್ನೂ ಬರೆದುಕೊಳ್ಳಬೇಕು. ನಡುಗೆರೆ ಬೇಕಿದ್ದರೆ ಪೂರ್ಣ ಲಿಫ್ಟಿಗೆ 1.25 ಮಿ.ಮೀ. ಕಡಿಮೆ ಇರುವಲ್ಲಿ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಓದಿ ಸರಾಸರಿ ತೆಗೆಯಬೇಕು. ಟಿಡಿಸಿಯ ನಂತರ 78 ಮತ್ತು 142 ಬಂದರೆ ನಡುಗೆರೆ 110. ಚೀಟಿಯಲ್ಲಿ 106 ಎಂದಿದ್ದರೆ ಕ್ಯಾಮ್ 4 ಡಿಗ್ರಿ ಹಿಂದೆ ಬಿದ್ದಿದೆ. ಉದ್ದವಾದ ಹಳೆಯ ಚೈನ್ ಮಾಡುವ ಕೆಲಸ ಇದು. ಹಿಂದೆ ಬಿದ್ದ ಕ್ಯಾಮ್ ಕೆಳಗಿನ ಎಳೆತವನ್ನು ಕಡಿಮೆ ಮಾಡುತ್ತದೆ, ಮುಂದೆ ಸರಿಸಿದ ಕ್ಯಾಮ್ ಅದನ್ನು ಹೆಚ್ಚಿಸಿ ಮೇಲಿನ ಓಟವನ್ನು ಸ್ವಲ್ಪ ಕಡಿಮೆ ಮಾಡುತ್ತದೆ.

ಕಾರಟಗಿಯ ಗಾಡಿಯ ಹೊಸ ಮತ್ತು ಹಳೆಯ ಇನ್‌ಲೆಟ್ ಕ್ಯಾಮುಗಳನ್ನು ಹೀಗೆಯೇ ಅಳೆದೆ. ಹೊಸದು 1 ಮಿ.ಮೀ. ಲಿಫ್ಟಿನಲ್ಲಿ ಟಿಡಿಸಿಗೆ 10 ಡಿಗ್ರಿ ಮೊದಲು ತೆರೆದು ಬಿಡಿಸಿಯ ನಂತರ 56ಕ್ಕೆ ಮುಚ್ಚುತ್ತಿತ್ತು, ಒಟ್ಟು 246. ಅವರು ಚೀಲದಲ್ಲಿ ತಂದಿದ್ದ ಹಳೆಯದು 4ಕ್ಕೆ ತೆರೆದು 38ಕ್ಕೆ ಮುಚ್ಚುತ್ತಿತ್ತು, ಒಟ್ಟು 222. ಮುಚ್ಚುವುದರಲ್ಲಿ 18 ಡಿಗ್ರಿ ತಡ. ಅವರಿಗೆ ಆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ತೋರಿಸಿದ ಮೇಲೆ ಹೆಚ್ಚು ವಿವರಿಸುವ ಅಗತ್ಯವೇ ಬರಲಿಲ್ಲ. ಹಳೆಯದನ್ನೇ ಹಾಕಿಸಿಕೊಂಡು ಹೋದರು.

ಬದಲಿಸುವುದೇ ಆದರೆ ನೋಡಬೇಕಾದ ಸಂದಿಗಳು

ಲಿಫ್ಟ್ ಹೆಚ್ಚಿನ ಕ್ಯಾಮ್ ಹಾಕುವವರು ಮೂರು ಸಂದಿಗಳನ್ನು ಅಳೆಯದೆ ಎಂಜಿನ್ ಸ್ಟಾರ್ಟ್ ಮಾಡಬಾರದು. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳದೆ ಒಟ್ಟು ಸುಮಾರು 1.5 ಮಿ.ಮೀ. ಉಳಿದಿರಬೇಕು. ರಿಟೇನರಿನ ಅಡಿಭಾಗ ಗೈಡಿಗಾಗಲಿ ಅದರ ಸೀಲಿಗಾಗಲಿ ತಾಗಬಾರದು. ವಾಲ್ವಿಗೂ ಪಿಸ್ಟನ್ನಿಗೂ ಇನ್‌ಲೆಟ್ಟಿನಲ್ಲಿ 2 ಮಿ.ಮೀ., ಬಿಸಿಗೆ ಹೆಚ್ಚು ಹಿಗ್ಗುವ ಎಕ್ಸಾಸ್ಟಿನಲ್ಲಿ 2.5 ಮಿ.ಮೀ. ಇರುವುದು ಪೆಟ್ರೋಲ್ ಎಂಜಿನ್ನಿಗೆ ಸುರಕ್ಷಿತ ಎಂದು ಪರಿಗಣಿಸುತ್ತಾರೆ. ಪಿಸ್ಟನ್ನಿನ ತಲೆಯ ಮೇಲೆ ಆಯಿಲ್ ಸವರಿದ ಮಣ್ಣಿನಂಥ ಮೆತ್ತನೆಯ ಜೇಡಿಯನ್ನಿಟ್ಟು, ಹೆಡ್ ಬಿಗಿದು, ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ, ವಾಲ್ವಿನ ಅಚ್ಚು ಬಿದ್ದಲ್ಲಿ ಅತಿ ತೆಳುವಾದ ಜಾಗವನ್ನು ಅಳೆದರೆ ಉತ್ತರ ಸಿಗುತ್ತದೆ. ರಸ್ತೆಯ ಗಾಡಿಯಾದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ ಎಂಬುದನ್ನೂ ತಿಳಿದಿರಬೇಕು.

ಸವೆದ ಉಬ್ಬು

ನನ್ನ ಅನುಭವದಲ್ಲಿ ಈ ಭಾಗದ ಎಂಜಿನ್ನುಗಳಿಗೆ ಬೇಕಾಗಿರುವುದು ಹೊಸ ಬಗೆಯ ಕ್ಯಾಮಿಗಿಂತ ಹೆಚ್ಚಾಗಿ ಕಂಪನಿಯ ಅಳತೆಯ ಸವೆಯದ ಕ್ಯಾಮ್. ಮೂರು ಸಿಲಿಂಡರಿನ ಟ್ರ್ಯಾಕ್ಟರೊಂದು ಕಪ್ಪು ಹೊಗೆ ಬಿಡುತ್ತಾ, ಲೋಡ್ ಎಳೆಯದೆ ನಮ್ಮಲ್ಲಿಗೆ ಬಂದಿತ್ತು. ಅದಕ್ಕೂ ಮೊದಲು ಬೇರೆಡೆ ಡೀಸೆಲ್ ಪಂಪನ್ನು ಎರಡು ಸಲ ಕ್ಯಾಲಿಬ್ರೇಷನ್ ಮಾಡಿಸಿ, ನಾಜಲ್‌ಗಳನ್ನೂ ಬದಲಿಸಿದ್ದರು. ರೈತರು ಖರ್ಚು ಹೇಳುವಾಗ ಧ್ವನಿ ಇಳಿದಿತ್ತು. ರಾಕರ್ ಕವರ್ ತೆಗೆದು ಕೈಯಿಂದ ತಿರುಗಿಸುತ್ತಾ ನೋಡಿದಾಗ ಎರಡನೇ ಸಿಲಿಂಡರಿನ ಎಕ್ಸಾಸ್ಟ್ ರಾಕರ್ ಉಳಿದವುಗಳಷ್ಟು ತೂಗುತ್ತಿರಲಿಲ್ಲ. ಪುಶ್‌ರಾಡಿನ ತಲೆಯ ಮೇಲೆ ಗೇಜಿಟ್ಟು ಅಳೆದರೆ ಉಳಿದ ಎರಡು ಎಕ್ಸಾಸ್ಟ್‌ಗಳು 6.8 ಮಿ.ಮೀ. ಏರುತ್ತಿದ್ದವು, ಇದು 5.1. ಶಾಫ್ಟ್ ಹೊರಗೆ ಬಂದಾಗ ಆ ಉಬ್ಬಿನ ಮೂಗು ಉಗುರಿಗೆ ತರಚುವಷ್ಟು ಒರಟಾಗಿತ್ತು, ಅದರ ಟ್ಯಾಪೆಟ್ಟಿನ ತಳ ಬಟ್ಟಲಿನಂತೆ ತಗ್ಗಾಗಿತ್ತು. ಹೊಗೆ ಪೂರ್ತಿ ಹೊರಹೋಗದ ಸಿಲಿಂಡರಿಗೆ ಹೊಸ ಗಾಳಿ ಬರುವುದಾದರೂ ಎಲ್ಲಿಂದ? ಕಟಾವಿನ ಧೂಳಿನಲ್ಲಿ ಏರ್ ಕ್ಲೀನರಿನ ಆಯಿಲ್ ಬದಲಿಸದೆ ಓಡಿಸಿದ್ದರಿಂದ ಧೂಳು ಎಂಜಿನ್ ಆಯಿಲಿಗೆ ಸೇರಿತ್ತು. ಪಂಪಿಗೆ ಕೈ ಹಾಕುವ ಮೊದಲು ಎಲ್ಲ ರಾಕರ್‌ಗಳ ಏರಿಕೆಯನ್ನು ಅಳೆಯುವುದಕ್ಕೆ ಅರ್ಧ ಗಂಟೆ ಸಾಕು.

ಹೊಸ ಕ್ಯಾಮಿಗೆ ಹಳೆಯ ಟ್ಯಾಪೆಟ್ ಎಂದಿಗೂ ಹಾಕಬಾರದು. ಚಪ್ಪಟೆ ಟ್ಯಾಪೆಟ್ಟಿನ ತಳ ಸಾಮಾನ್ಯವಾಗಿ ತೀರಾ ಸಣ್ಣದಾಗಿ ಉಬ್ಬಿರುತ್ತದೆ, ಅದು ಓಡುವಾಗ ತನ್ನ ಸುತ್ತ ತಾನೇ ತಿರುಗುತ್ತಾ ಸಮನಾಗಿ ಸವೆಯಬೇಕು. ತಗ್ಗಾದ ಟ್ಯಾಪೆಟ್ ತಿರುಗುವುದಿಲ್ಲ, ಹೊಸ ಉಬ್ಬನ್ನು ಕೆಲವೇ ಗಂಟೆಗಳಲ್ಲಿ ಕೆರೆದು ಹಾಕುತ್ತದೆ. ಜೋಡಿಸುವಾಗ ಪ್ರತಿ ಉಬ್ಬಿಗೂ ಮಾಲಿಬ್ಡಿನಂ ಪೇಸ್ಟ್ ಸವರಬೇಕು. ಮೊದಲ ಸಲ ಸ್ಟಾರ್ಟ್ ಮಾಡುವಾಗ ಬಹಳ ಹೊತ್ತು ಸೆಲ್ಫ್ ಹೊಡೆಯುತ್ತಾ ಇರದಂತೆ ಡೀಸೆಲ್ಲೋ ಪೆಟ್ರೋಲೋ ಆಗಲೇ ಮೇಲೆ ಬಂದಿರಬೇಕು. ಚಪ್ಪಟೆ ಟ್ಯಾಪೆಟ್ ಇರುವ, ನೀರಿನಿಂದ ತಂಪಾಗುವ ಪೆಟ್ರೋಲ್ ಎಂಜಿನ್ನನ್ನು ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗಿಗೆ ಬಿಡದೆ ಸುಮಾರು 2000 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಬೇಕು. ಉಬ್ಬುಗಳ ಮೇಲೆ ಚಿಮ್ಮುವ ಆಯಿಲ್ ಐಡ್ಲಿಂಗಿನಲ್ಲಿ ಸಾಲುವುದಿಲ್ಲ. ಗಾಳಿಯಿಂದ ತಂಪಾಗುವ ಬೈಕನ್ನು ಮಾತ್ರ ಹಾಗೆ ನಿಲ್ಲಿಸಿ ಓಡಿಸಬಾರದು, ರಸ್ತೆಗೆ ಒಯ್ದು ಸಾಧಾರಣ ವೇಗದಲ್ಲಿ ಸಾಗಬೇಕು. ಆ ಮೊದಲ ಓಟದ ಆಯಿಲನ್ನು ಚೆಲ್ಲಿ ಹೊಸದು ಹಾಕಿ, 500 ಕಿಲೋಮೀಟರ್ ಆದ ಮೇಲೆ ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಕ್ಲಿಯರೆನ್ಸ್ ಮತ್ತೆ ನೋಡಬೇಕು. ಒಂದೇ ವಾಲ್ವಿನದು ಉಳಿದವುಗಳಿಗಿಂತ ಹೆಚ್ಚು ಸಡಿಲವಾಗಿದ್ದರೆ ಸುಮ್ಮನೆ ಬಿಗಿ ಮಾಡಿ ಕಳಿಸದೆ, ಆ ಉಬ್ಬಿನ ಲಿಫ್ಟನ್ನು ಗೇಜಿಟ್ಟು ಇನ್ನೊಮ್ಮೆ ಅಳೆಯಬೇಕು.